ನಿತ್ಯದ ಓಟವೂ ಕರಾವಳಿಯ ಮಳೆಯೂ

ಆರಂಭಶೂರತ್ವವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ದಿನಚರಿ ಪುಸ್ತಕದಲ್ಲಿ ಜನವರಿಯ ಪುಟಗಳು ತುಂಬಿರುವುದನ್ನೂ, ಮಾರ್ಚಿಯ ಪುಟಗಳು ಬರಿದಾಗಿರುವುದನ್ನೂ ಯಾರ ಮನೆಯಲ್ಲಿ ಬೇಕಾದರೂ ಕಾಣಬಹುದು. ಬೆಳಗಿನ ಓಟದ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ. ಓಡಲು ಆರಂಭಿಸುವುದು ಕಷ್ಟವಲ್ಲ. ಒಂದು ಜೊತೆ ಬೂಟು ಕೊಂಡರಾಯಿತು. ಆ ಬೂಟು ನಾಲ್ಕನೆಯ ತಿಂಗಳಿನಲ್ಲಿಯೂ ಬಾಗಿಲ ಬಳಿಯೇ ಇರುವಂತೆ, ಮಂಚದ ಕೆಳಗೆ ಸೇರದಂತೆ ನೋಡಿಕೊಳ್ಳುವುದು ಹೇಗೆಂಬುದೇ ಪ್ರಶ್ನೆ. ಈ ಪ್ರಶ್ನೆಗೆ ಸಂಕಲ್ಪಬಲ, ಮನೋದಾರ್ಢ್ಯ, ಛಲ ಮೊದಲಾದ ಮಾತುಗಳಿಂದ ಉತ್ತರ ಹೇಳುವುದು ವಾಡಿಕೆ. ಅಧ್ಯಾಪಕನಾಗಿ ಇಪ್ಪತ್ತು ವರ್ಷಗಳ ಕಾಲ ಕ್ರೀಡಾದಿನದಂದು ಅಂತಹ ಭಾಷಣಗಳನ್ನು ನಾನೂ ಮಾಡಿದ್ದೇನೆ. ಅವುಗಳಿಂದ ಯಾರಾದರೂ ಓಡಿದರೆ ಎಂಬುದನ್ನು ಮಾತ್ರ ಎಂದೂ ಎಣಿಸಿ ನೋಡಿರಲಿಲ್ಲ.

ನನ್ನ ವಿದ್ಯಾರ್ಥಿ ದೆಸೆಯಲ್ಲಿ ಓಟವೊಂದು ಸಮಸ್ಯೆಯೇ ಆಗಿರಲಿಲ್ಲ. ವಿದ್ಯಾರ್ಥಿನಿಲಯದಲ್ಲಿ ಬೆಳಗಿನ ಐದಕ್ಕೆ ಗಂಟೆ ಬಾರಿಸುತ್ತಿತ್ತು. ಎದ್ದೆವು, ಮುಖ ತೊಳೆದೆವು, ಮೈದಾನಕ್ಕೆ ಹೋದೆವು, ಓಡಿದೆವು. ಅದನ್ನು ನಾವು ನಮ್ಮದೇ ಶಿಸ್ತೆಂದು ನಂಬಿದ್ದೆವು. ಅದು ನಮ್ಮ ಶಿಸ್ತಲ್ಲ, ಗಂಟೆಯ ಶಿಸ್ತು ಎಂಬುದು ನಿಲಯವನ್ನು ಬಿಟ್ಟ ಮೊದಲ ತಿಂಗಳಿನಲ್ಲಿಯೇ ತಿಳಿದುಹೋಯಿತು. ಆಮೇಲೆ ಇಪ್ಪತ್ತೈದು ವರ್ಷ ನಾನು ಬಸ್ಸಿನ ಹಿಂದೆ ಓಡಿದ್ದುಂಟೇ ಹೊರತು ಬೇರೆ ಓಟವನ್ನು ಕಾಣಲಿಲ್ಲ.

ಬಯಲುಸೀಮೆಯಲ್ಲಿ ಹುಟ್ಟಿದ ನನ್ನನ್ನು ಉದ್ಯೋಗವು ಕರಾವಳಿಗೆ ತಂದು ಆದಿ ಉಡುಪಿಯಲ್ಲಿ ನಿಲ್ಲಿಸಿತು. ಉಡುಪಿ ಪೇಟೆಯಿಂದ ಮಲ್ಪೆಯ ಕಡಲಿಗೆ ಹೋಗುವ ರಸ್ತೆಯಲ್ಲಿ ಈ ಊರಿದೆ. ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣ ಇಲ್ಲಿಯ ಗುರುತು. ನನಗೆ ನಲವತ್ತಾರು ವರ್ಷ ತುಂಬಿದಾಗ ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ಮುಂದಿಟ್ಟು ಸಕ್ಕರೆಯ ಅಂಕಿಯ ಕೆಳಗೆ ಗೆರೆ ಎಳೆದರು. ನನ್ನ ತಂದೆ ಇದೇ ಕಾಯಿಲೆಯಿಂದ ಬಲಗಾಲನ್ನು ಕಳೆದುಕೊಂಡವರು. ಅವರ ಕೊನೆಯ ಆರು ವರ್ಷಗಳನ್ನು ನಾನು ಹತ್ತಿರದಿಂದ ಕಂಡಿದ್ದೆನಾದ್ದರಿಂದ ವೈದ್ಯರು ಹೆಚ್ಚು ವಿವರಿಸಬೇಕಾದ ಅಗತ್ಯ ಬೀಳಲಿಲ್ಲ. ಮರುದಿನವೇ ಓಡಲು ಹೊರಟೆ. ಇಷ್ಟು ದೊಡ್ಡ ಭಯವಿದ್ದರೂ, ಮುಂದಿನ ಮೂರು ವರ್ಷಗಳಲ್ಲಿ ಮೂರು ಬಾರಿ ಓಟವನ್ನು ಪೂರ್ಣವಾಗಿ ಬಿಟ್ಟೆನೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾರಣ ದೊಡ್ಡದಾಗಿದ್ದರೆ ಕಾರ್ಯ ತಾನಾಗಿ ನಡೆಯುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಮೊದಲ ಸಲ ಬಿಟ್ಟದ್ದು ಐದನೆಯ ವಾರದಲ್ಲಿ. ಕಾರಣ ಸರಳವಾದುದು: ವೇಗ. ವಿದ್ಯಾರ್ಥಿನಿಲಯದ ಹುಡುಗನ ವೇಗವೇ ನನ್ನ ನೆನಪಿನಲ್ಲಿತ್ತು, ಕಾಲುಗಳು ಮಾತ್ರ ನಲವತ್ತಾರರವು. ಹೊಸದಾಗಿ ಓಡುವವರ ದೇಹದಲ್ಲಿ ಹೃದಯವೂ ಶ್ವಾಸಕೋಶಗಳೂ ಬೇಗ ಪಳಗುತ್ತವೆ. ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗಿ ಉತ್ಸಾಹ ಹೆಚ್ಚುತ್ತದೆ. ಆದರೆ ಮೂಳೆ, ಸ್ನಾಯುಬಂಧ, ಹಿಮ್ಮಡಿಯ ನರಗಳು ಹಾಗಲ್ಲ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ‘ಓಡು’ ಎನ್ನುತ್ತಿರುವಾಗ ಮೊಣಕಾಲ ಕೆಳಗಿನ ಮೂಳೆ ‘ಬೇಡ’ ಎನ್ನುವುದು ಈ ಅಂತರದಿಂದಲೇ. ಒಂದನೆಯ ತಿಂಗಳ ಕೊನೆಗೂ ಎರಡನೆಯ ತಿಂಗಳಿನಲ್ಲಿಯೂ ಬಹಳ ಮಂದಿ ಮುಂಗಾಲಿನ ನೋವಿನಿಂದ ಕುಳಿತುಬಿಡುವುದರ ಗುಟ್ಟು ಇದು. ನೋವಿಗಾಗಿ ಒಂದು ವಾರ ಕುಳಿತವನು ನೋವು ಮಾಯವಾದ ಮೇಲೂ ಏಳುವುದಿಲ್ಲವೆಂಬುದು ಬೇರೆಯ ಮಾತು.

ಇದಕ್ಕೆ ಮದ್ದು ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಎಂಬ ತರಬೇತುದಾರ ಹಿಂದೆಯೇ ಹೇಳಿಟ್ಟದ್ದು. ಒಲಿಂಪಿಕ್ ಚಿನ್ನ ಗೆದ್ದ ಓಟಗಾರರನ್ನು ಸಿದ್ಧಗೊಳಿಸಿದ ಈತ, 1960ರ ದಶಕದ ಆರಂಭದಲ್ಲಿ ಆಕ್ಲೆಂಡ್ ನಗರದ ನಡುವಯಸ್ಸಿನವರನ್ನೂ ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ಮೆಲ್ಲಗೆ ಓಡಿಸಿದನು. ಜೊತೆಯವನೊಡನೆ ಮಾತನಾಡಲು ಆಗುವಷ್ಟೇ ವೇಗವಿರಬೇಕೆಂಬುದು ಅವನ ಅಳತೆ. 1962ರಲ್ಲಿ ಅಲ್ಲಿಗೆ ಬಂದ ಅಮೆರಿಕದ ತರಬೇತುದಾರ ಬಿಲ್ ಬವರ್ಮನ್ ಇದನ್ನು ಕಂಡು ತನ್ನ ದೇಶಕ್ಕೆ ಕೊಂಡೊಯ್ದನು. ‘ಜಾಗಿಂಗ್’ ಎಂಬ ಮಾತು ಲೋಕದಲ್ಲೆಲ್ಲ ಹರಡಿದ್ದು ಆ ಬಳಿಕ. ನನ್ನಂತಹವರಿಗೆ ಈ ಅಳತೆ ಮೊದಮೊದಲು ಅವಮಾನಕರವಾಗಿ ಕಾಣುತ್ತದೆ. ಮಾತನಾಡುತ್ತ ಓಡುವುದೆಂದರೆ ನಡಿಗೆಗಿಂತ ತುಸು ಹೆಚ್ಚು, ಅಷ್ಟೆ. ತರಕಾರಿ ಚೀಲ ಹಿಡಿದ ಹಿರಿಯರೊಬ್ಬರು ಬಿರುಸಿನ ನಡಿಗೆಯಲ್ಲಿ ನನ್ನನ್ನು ದಾಟಿಹೋದದ್ದುಂಟು. ನಾಚಿಕೆಯನ್ನು ನುಂಗಿಕೊಂಡು ಹಾಗೆಯೇ ಓಡಿದೆ. ಆ ನಾಚಿಕೆಯನ್ನು ಗೆಲ್ಲದವರು ಮುಂದಿನ ತಿಂಗಳು ಓಡುತ್ತಿರುವುದಿಲ್ಲ.

ಗಂಟೆಯ ವಿಷಯಕ್ಕೆ ಮರಳುತ್ತೇನೆ. ಇಡೀ ಲೇಖನದ ತಿರುಳು ಅದೇ.

2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನವು ಅಧ್ಯಾಪಕರೆಲ್ಲರೂ ತಿಳಿದಿರಬೇಕಾದುದು. ಮಿಲ್ನ್, ಓರ್ಬೆಲ್, ಶೀರನ್ ಎಂಬ ಮೂವರು ವಿದ್ವಾಂಸರು 248 ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ವಾರದಲ್ಲಿ ಒಮ್ಮೆಯಾದರೂ ಇಪ್ಪತ್ತು ನಿಮಿಷ ಬಿರುಸಿನ ವ್ಯಾಯಾಮ ಮಾಡಬೇಕೆಂಬುದು ಗುರಿ. ಮೊದಲನೆಯ ಗುಂಪಿಗೆ ಏನನ್ನೂ ಬೋಧಿಸಲಿಲ್ಲ. ಎರಡನೆಯ ಗುಂಪಿಗೆ ವ್ಯಾಯಾಮದಿಂದ ಹೃದ್ರೋಗ ಹೇಗೆ ದೂರವಾಗುತ್ತದೆಂಬುದನ್ನು ಮನಮುಟ್ಟುವಂತೆ ತಿಳಿಸಿದರು. ಮೂರನೆಯ ಗುಂಪಿಗೆ ಅದೇ ಬೋಧನೆಯ ಜೊತೆಗೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ಸ್ಥಳದಲ್ಲಿ ವ್ಯಾಯಾಮ ಮಾಡುವೆನೆಂಬ ಒಂದು ವಾಕ್ಯವನ್ನು ಅವರವರ ಕೈಯಿಂದಲೇ ಬರೆಯಿಸಿದರು. ಫಲವೇನು? ಬೋಧನೆಯಿಲ್ಲದ ಗುಂಪಿನಲ್ಲಿ ವ್ಯಾಯಾಮ ಮಾಡಿದವರು ನೂರಕ್ಕೆ 38. ಬೋಧನೆ ಕೇಳಿದ ಗುಂಪಿನಲ್ಲಿ ನೂರಕ್ಕೆ 35. ವಾಕ್ಯ ಬರೆದ ಗುಂಪಿನಲ್ಲಿ ನೂರಕ್ಕೆ 91. ಬೋಧನೆ ಕೇಳಿದವರ ಮನಸ್ಸಿನಲ್ಲಿ ಇಚ್ಛೆ ಹೆಚ್ಚಿತ್ತು. ಆದರೆ ಇಚ್ಛೆಯು ಕಾಲಿಗಿಳಿಯಲಿಲ್ಲ. ಇಪ್ಪತ್ತು ವರ್ಷ ಭಾಷಣ ಮಾಡಿದವನಿಗೆ ಈ ಅಂಕಿಗಳನ್ನು ಓದುವಾಗ ಏನೆನಿಸಿರಬಹುದೆಂಬುದನ್ನು ವಾಚಕರೇ ಊಹಿಸಲಿ.

ಇನ್ನೊಂದು ಅಧ್ಯಯನ ಲಂಡನ್ನಿನ ವಿಶ್ವವಿದ್ಯಾಲಯ ಕಾಲೇಜಿನದು. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದರು. ಒಂದು ಹೊಸ ಕೆಲಸವು, ಯೋಚಿಸದೆಯೇ ಕೈಗೂಡುವ ರೂಢಿಯಾಗಲು ಹಿಡಿಯುವ ಕಾಲವು ಸರಾಸರಿಯ ಲೆಕ್ಕದಲ್ಲಿ 66 ದಿನ. ಆದರೆ ಕೆಲವರಿಗೆ 18 ದಿನಗಳೇ ಸಾಕಾದರೆ, ಮತ್ತೆ ಕೆಲವರಿಗೆ 254 ದಿನಗಳು ಬೇಕೆಂಬ ಲೆಕ್ಕ ಬಂದಿತು. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕುದುರುತ್ತದೆ ಎಂದು ಜನ ಹೇಳುವ ಮಾತಿಗೆ ಆಧಾರವಿಲ್ಲ. ನೀರು ಕುಡಿಯುವುದಕ್ಕಿಂತ ವ್ಯಾಯಾಮ ರೂಢಿಯಾಗಲು ಹೆಚ್ಚು ಕಾಲ ಬೇಕು. ಈ ಅಧ್ಯಯನದಲ್ಲಿ ಇನ್ನೂ ಒಂದು ಸಮಾಧಾನದ ಸಂಗತಿಯಿದೆ: ನಡುವೆ ಒಂದು ದಿನ ತಪ್ಪಿದರೆ ರೂಢಿಯ ಬೆಳವಣಿಗೆಗೆ ಗಣನೀಯವಾದ ಹಾನಿಯಾಗುವುದಿಲ್ಲ. ಒಂದು ದಿನ ತಪ್ಪಿತೆಂದು ‘ವ್ರತಭಂಗವಾಯಿತು, ಇನ್ನೇಕೆ’ ಎಂದು ಕೈಬಿಡುವ ಸ್ವಭಾವ ನಮ್ಮಲ್ಲಿ ಬಲವಾಗಿದೆ. ಆ ಒಂದು ದಿನದ ತಪ್ಪಿಗಿಂತ ಈ ಮಾತೇ ಹೆಚ್ಚು ಕೆಡುಕು ಮಾಡುತ್ತದೆ.

ಗಂಟೆಯಿಲ್ಲದ ಮನೆಯಲ್ಲಿ ಗಂಟೆಯನ್ನು ಹುಡುಕಿಕೊಳ್ಳಬೇಕು. ಗಡಿಯಾರದ ಕರೆಗಂಟೆ ಇದಕ್ಕೆ ಒಳ್ಳೆಯದಲ್ಲ; ಅದನ್ನು ನಿಲ್ಲಿಸುವ ಗುಂಡಿಯೂ ಅದರಲ್ಲಿಯೇ ಇರುತ್ತದೆ. ಹೇಗೂ ಪ್ರತಿನಿತ್ಯ ನಡೆಯುವ ಒಂದು ಕೆಲಸಕ್ಕೆ ಓಟವನ್ನು ಕಟ್ಟಿಹಾಕುವುದು ಮೇಲು. ನಮ್ಮ ಮನೆಯ ಗೇಟಿಗೆ ತೂಗುಹಾಕಿದ ಚೀಲದಲ್ಲಿ ಬೆಳಗಿನ ಐದೂವರೆಗೆ ಹಾಲಿನ ಪೊಟ್ಟಣ ಬಂದು ಬೀಳುತ್ತದೆ. ಅದನ್ನು ಒಳಗಿಡುವುದು ನನ್ನ ಪಾಲಿನ ಕೆಲಸ. ‘ಹಾಲು ಒಳಗಿಟ್ಟ ಕೂಡಲೇ ಬೂಟು ಹಾಕಿಕೊಂಡು ಮಲ್ಪೆಯ ರಸ್ತೆಗೆ ಇಳಿಯುತ್ತೇನೆ’ ಎಂದು ಚೀಟಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಮನೆಯವರು ನಕ್ಕರು. ಈಗ ಆ ಚೀಟಿಯ ಅಂಚು ಹಳದಿಯಾಗಿದೆ. ಓದುವ ಅಗತ್ಯ ಯಾರಿಗೂ ಇಲ್ಲ.

ಓಟವೆಂದರೆ ಈ ಜಿಲ್ಲೆಯ ಜನಕ್ಕೆ ಮೊದಲು ನೆನಪಾಗುವುದು ಕಂಬಳ. ಇದನ್ನು ಬಿಟ್ಟು ಮುಂದುವರಿಯುವಂತಿಲ್ಲ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಅದೇ ತಿಂಗಳು ವೇಣೂರಿನಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದರು. ದೇಶವೇ ಬೆರಗಾಯಿತು. ನೂರು ಮೀಟರಿಗೆ ಭಾಗಿಸಿ, ಉಸೇನ್ ಬೋಲ್ಟನು 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ 9.58 ಸೆಕೆಂಡುಗಳ ದಾಖಲೆಯೊಡನೆ ಹೋಲಿಸಿದರು. ಈ ಹೋಲಿಕೆ ಸರಿಯಲ್ಲ. ಭಾಗಾಕಾರದಿಂದ ಬಂದ ಅಂಕಿಯು ಗಡಿಯಾರದ ಅಂಕಿಯಲ್ಲ. ಕಂಬಳದಲ್ಲಿ ಓಟಗಾರನನ್ನು ಕೋಣಗಳ ಬಲವೂ ಮುಂದಕ್ಕೆ ಸೆಳೆಯುತ್ತದೆ. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಪರೀಕ್ಷಾ ಓಟಕ್ಕೆ ಕರೆ ಬಂದಾಗ ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಪಾತ್ರ ದೊಡ್ಡದು, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳದು ಎಂದು ಅವರು ಕೊಟ್ಟ ಕಾರಣ, ಅವರನ್ನು ಹೊಗಳಿದ ಎಷ್ಟೋ ಮಂದಿಯ ಮಾತಿಗಿಂತ ತಿಳಿವಳಿಕೆಯದಾಗಿತ್ತು.

ನನ್ನ ಕುತೂಹಲ ಬೇರೆ. ಕೆಸರುಗದ್ದೆಯ ಆ ಹದಿಮೂರು ಸೆಕೆಂಡುಗಳಿಗಾಗಿ ವರ್ಷವರ್ಷವೂ ಮೈಯನ್ನು ಸಿದ್ಧವಾಗಿಟ್ಟುಕೊಳ್ಳುವ ಈ ಯುವಕರನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಅವರಿಗೆ ಋತುವಿದೆ: ನವೆಂಬರಿನ ಹೊತ್ತಿಗೆ ಆರಂಭವಾಗಿ ಮಾರ್ಚಿಯ ಹೊತ್ತಿಗೆ ಮುಗಿಯುವ ಕಂಬಳದ ಋತು. ಕಾಯುವವರಿದ್ದಾರೆ: ಕೋಣಗಳ ಯಜಮಾನರು, ಊರವರು, ಎಲ್ಲಕ್ಕಿಂತ ಮಿಗಿಲಾಗಿ ಪಳಗಿಸಬೇಕಾದ ಆ ಜೋಡಿ. ಇಂದು ಮನಸ್ಸಿಲ್ಲವೆಂದು ಕೋಣಗಳಿಗೆ ಹೇಳಲು ಬರುವುದಿಲ್ಲ. ನಮ್ಮಂತಹ ರಸ್ತೆಯ ಓಟಗಾರರಿಗೆ ಕೋಣಗಳಿಲ್ಲವಾದರೂ ಕಾಯುವವರನ್ನು ಸಂಪಾದಿಸಿಕೊಳ್ಳಬಹುದು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ನೆರೆಯವರೊಬ್ಬರು ಮಾರುಕಟ್ಟೆಯ ಪ್ರಾಂಗಣದ ಬಳಿ ವಾರಕ್ಕೆ ಮೂರು ದಿನ ನನಗಾಗಿ ನಿಂತಿರುತ್ತಾರೆ. ‘ಎಂಥ ಮಾಷ್ಟ್ರೇ, ಇವತ್ತು ತಡವಾಯಿತಲ್ಲ’ ಎಂಬ ಅವರ ಒಂದು ಮಾತಿನ ಭಯಕ್ಕೆ ನಾನು ಎದ್ದಷ್ಟು ಸಕ್ಕರೆ ಕಾಯಿಲೆಯ ಭಯಕ್ಕೆ ಎದ್ದಿಲ್ಲ. ಅವರಿಗೂ ನನ್ನಿಂದ ಇಷ್ಟೇ ಉಪಕಾರವಾಗುತ್ತಿರಬಹುದು, ಕೇಳಿಲ್ಲ.

ಎರಡನೆಯ ಸಲ ನನ್ನ ಓಟವನ್ನು ನಿಲ್ಲಿಸಿದ್ದು ಮಳೆ. ಘಟ್ಟದ ಮೇಲಿನ ವಾಚಕರಿಗೆ ಇಲ್ಲಿಯ ಮಳೆಯನ್ನು ವರ್ಣಿಸುವುದು ಕಷ್ಟ. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ನನ್ನ ಹುಟ್ಟೂರಿನಲ್ಲಿ ಆರೇಳು ವರ್ಷಗಳಿಗೆ ಬರುವ ಮಳೆಯನ್ನು ಇಲ್ಲಿ ಒಂದೇ ವರ್ಷ ಹೊಯ್ದುಬಿಡುತ್ತದೆ. ಬೆಳಗಿನ ಆರಕ್ಕೂ ಕತ್ತಲೆ. ಮುರಕಲ್ಲಿನ ಪಾಗಾರಗಳ ಮೇಲೆ, ಅಂಗಳದ ಮೇಲೆ, ರಸ್ತೆಯ ಅಂಚಿನಲ್ಲಿ ಹಾವಸೆ ಕಟ್ಟಿ ಕಾಲಿಟ್ಟಲ್ಲಿ ಜಾರುತ್ತದೆ. ತೋಡು ಯಾವುದು, ರಸ್ತೆ ಯಾವುದು ಎಂದು ತಿಳಿಯದಂತೆ ನೀರು ಹರಿಯುತ್ತದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ಊರಿನಲ್ಲಿ ಒದ್ದೆಯಾದ ಬೂಟಿನ ಗತಿಯೇನು? ಜೂನಿನ ಎರಡನೆಯ ವಾರ ನಿಲ್ಲಿಸಿದವನು ಅಕ್ಟೋಬರಿನವರೆಗೂ ಬೂಟನ್ನು ಮುಟ್ಟಲಿಲ್ಲ. ಮುಟ್ಟಿದಾಗ ಅದರೊಳಗೆ ಬೂಷ್ಟು ಬೆಳೆದಿತ್ತು.

ಈ ನಾಡಿನವರು ಮಳೆಗಾಲವನ್ನು ಹೇಗೆ ಕಳೆಯುತ್ತಾರೆಂಬುದನ್ನು ಗಮನಿಸಿದಾಗ ನನ್ನ ತಪ್ಪು ಗೊತ್ತಾಯಿತು. ಮೇ ತಿಂಗಳ ಕೊನೆಯ ಭಾಗದಲ್ಲಿ ಪತ್ತನಾಜೆ ಬರುತ್ತದೆ. ಯಕ್ಷಗಾನದ ಮೇಳಗಳು ಅಂದು ಗೆಜ್ಜೆ ಬಿಚ್ಚಿ ತಿರುಗಾಟವನ್ನು ಮುಗಿಸುತ್ತವೆ. ಆದರೆ ಮಳೆಗಾಲದಲ್ಲಿ ಕಲಾವಿದರು ಬಾಯಿಕಟ್ಟಿ ಕುಳಿತಿರುವುದಿಲ್ಲ. ತಾಳಮದ್ದಳೆಗಳು ನಡೆಯುತ್ತವೆ, ವೇಷವಿಲ್ಲದೆ, ಕುಣಿತವಿಲ್ಲದೆ, ಅರ್ಥಗಾರಿಕೆಯಿಂದಲೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಲೆಗಳ ದುರಸ್ತಿ, ದೋಣಿಗಳ ದುರಸ್ತಿ ನಡೆದಿರುತ್ತದೆ. ಕೆಲಸದ ರೂಪ ಬದಲಾಗುತ್ತದೆ, ಕೆಲಸ ನಿಲ್ಲುವುದಿಲ್ಲ. ನಾನು ಡಿಸೆಂಬರಿನ ಓಟವನ್ನೇ ಜುಲೈಯಲ್ಲಿ ಓಡಬೇಕೆಂದುಕೊಂಡೆ. ಆಗದೆಂದು ಕಂಡಾಗ ಎಲ್ಲವನ್ನೂ ಬಿಟ್ಟೆ. ಈ ಎರಡರ ನಡುವೆ ಮೂರನೆಯ ದಾರಿಯೊಂದಿತ್ತು.

ಈಗ ಪತ್ತನಾಜೆಯ ಮರುದಿನ ನನ್ನ ಪಟ್ಟಿ ಬದಲಾಗುತ್ತದೆ. ವಾರಕ್ಕೆ ಐದು ದಿನದ ಬದಲು ಮೂರು. ನಲವತ್ತು ನಿಮಿಷದ ಬದಲು ಇಪ್ಪತ್ತು. ಅಜ್ಜರಕಾಡಿನ ಮಹಾತ್ಮಾ ಗಾಂಧಿ ಜಿಲ್ಲಾ ಕ್ರೀಡಾಂಗಣದಲ್ಲಿ ಸಿಂಥೆಟಿಕ್ ಓಟದ ಪಥವಿರುವುದರಿಂದ ಕೆಸರಿನ ಭಯ ಕಡಿಮೆ. ಪೇಟೆಗೆ ಹೋಗಬೇಕಾದ ದಿನ ಅಲ್ಲಿ ಓಡುತ್ತೇನೆ. ಮಳೆ ಬಿಡದ ದಿನ ಮನೆಯ ಮೆಟ್ಟಿಲುಗಳನ್ನು ಹದಿನೈದು ನಿಮಿಷ ಹತ್ತಿಳಿಯುವುದು, ಬಸ್ಕಿ ಹೊಡೆಯುವುದು. ಹಾಲು ಒಳಗಿಟ್ಟ ಕೂಡಲೇ ಇವುಗಳಲ್ಲಿ ಒಂದು ನಡೆಯಬೇಕು. ಹೊತ್ತು ಮಾತ್ರ ಬದಲಾಗಬಾರದು. ಒದ್ದೆ ಬೂಟಿನೊಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ, ಮಧ್ಯಾಹ್ನ ಒಮ್ಮೆ ಬದಲಾಯಿಸಿದರೆ ಮರುದಿನಕ್ಕೆ ಹಾಕಿಕೊಳ್ಳುವಷ್ಟು ಒಣಗುತ್ತದೆ. ಬರಿಗಾಲಿನಲ್ಲಿ ಓಡೋಣವೆಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಇಲಿಜ್ವರವು ಈ ಜಿಲ್ಲೆಗೆ ಹೊಸದಲ್ಲ. ಅದರ ರೋಗಾಣು ನಿಂತ ನೀರಿನಿಂದ ಕಾಲಿನ ಸಣ್ಣ ಗಾಯದ ಮೂಲಕ ಒಳಹೊಗುತ್ತದೆ. ಮಧುಮೇಹಿಗಳಂತೂ ಕಾಲಿನ ಗಾಯವನ್ನು ಹಗುರವಾಗಿ ಎಣಿಸಬಾರದು. ನನ್ನ ತಂದೆಯ ಕಾಲಿನ ಕಥೆ ಆರಂಭವಾದದ್ದು ಒಂದು ಸಣ್ಣ ಗಾಯದಿಂದಲೇ. ಮುಂಗಾರಿಗೆ ಮುನ್ನ ಏಪ್ರಿಲ್ ಮೇ ತಿಂಗಳುಗಳಲ್ಲಿಯೂ, ಅಕ್ಟೋಬರಿನಲ್ಲಿಯೂ ಗುಡುಗು ಸಿಡಿಲು ಹೆಚ್ಚು. ಗುಡುಗು ಕೇಳಿದೊಡನೆ ಬಯಲನ್ನೂ ಕಡಲತಡಿಯನ್ನೂ ಬಿಟ್ಟು ಕಟ್ಟಡದೊಳಗೆ ಸೇರಬೇಕು. ತೆಂಗಿನ ಮರದ ಬುಡ ಆಶ್ರಯವಲ್ಲ.

ಎರಡೇ ದಿನದ ಓಟದಿಂದ ಪ್ರಯೋಜನವೇನೆಂದು ಕೇಳುವವರುಂಟು. ಇದಕ್ಕೆ ದೇಹಶಾಸ್ತ್ರದ ಉತ್ತರವಿದೆ. ಓಡುವಾಗ ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತವೆ. ಓಟ ಮುಗಿದ ಮೇಲೂ ಒಂದೆರಡು ದಿನ ಅವು ಇನ್ಸುಲಿನ್ನಿನ ಮಾತನ್ನು ಮೊದಲಿಗಿಂತ ಚೆನ್ನಾಗಿ ಕೇಳುತ್ತವೆ. ಅನಂತರ ಆ ವಿಧೇಯತೆ ಕುಂದುತ್ತದೆ. ಆದಕಾರಣ ಮಧುಮೇಹಿಗಳು ಸತತವಾಗಿ ಎರಡು ದಿನಗಳಿಗಿಂತ ಹೆಚ್ಚು ಕಾಲ ವ್ಯಾಯಾಮವಿಲ್ಲದೆ ಇರಬಾರದೆಂದು ಅಮೆರಿಕದ ಮಧುಮೇಹ ಸಂಘವು 2016ರ ತನ್ನ ಹೇಳಿಕೆಯಲ್ಲಿ ಸೂಚಿಸಿತು. ವಾರಕ್ಕೊಮ್ಮೆ ಭಾನುವಾರ ಹತ್ತು ಮೈಲಿ ಓಡುವವನಿಗಿಂತ ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ ಓಡುವವನಿಗೆ ಈ ಲೆಕ್ಕದಲ್ಲಿ ಲಾಭ ಹೆಚ್ಚು. ಸಕ್ಕರೆ ಇಳಿಸುವ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಓಡಬೇಕು. ಕೆಲವು ಔಷಧಗಳ ಜೊತೆ ಬರಿಹೊಟ್ಟೆಯ ಓಟದಿಂದ ಸಕ್ಕರೆ ತೀರ ಕೆಳಗಿಳಿದು ತಲೆಸುತ್ತು ಬರಬಹುದು. ನನ್ನ ಅಂಗಿಯ ಜೇಬಿನಲ್ಲಿ ಸದಾ ಒಂದು ತುಂಡು ಬೆಲ್ಲವಿರುತ್ತದೆ.

ಬಿಟ್ಟುಹೋದುದನ್ನು ಮತ್ತೆ ಹಿಡಿಯುವಾಗಿನ ಹತಾಶೆಯೂ ಬಹಳ ಮಂದಿಯನ್ನು ಕೆಡಿಸುತ್ತದೆ. ‘ಎಲ್ಲ ಹೋಯಿತು’ ಎಂಬುದು ಎಷ್ಟರ ಮಟ್ಟಿಗೆ ನಿಜ? ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆನ್ನಾಗಿ ಪಳಗಿದ ಏಳು ಮಂದಿ 84 ದಿನ ಅಭ್ಯಾಸವನ್ನು ನಿಲ್ಲಿಸಿದರು. ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಶಕ್ತಿಯು ಮೊದಲ ಮೂರು ವಾರಗಳೊಳಗೆ ನೂರಕ್ಕೆ 7ರಷ್ಟು, ಕೊನೆಗೆ ನೂರಕ್ಕೆ 16ರಷ್ಟು ಕುಗ್ಗಿತು. ಅಷ್ಟಾದರೂ ಎಂದೂ ಅಭ್ಯಾಸ ಮಾಡದವರಿಗಿಂತ ಅವರು ಮೇಲಿನ ಮಟ್ಟದಲ್ಲಿಯೇ ಇದ್ದರು. ವರ್ಷಗಟ್ಟಲೆ ಪಳಗಿದವರ ಮಾತು ಇದು. ನಮ್ಮಂತಹ ಹೊಸಬರು ಗಳಿಸಿದ್ದೂ ಕಡಿಮೆ, ಕಳೆದುಕೊಳ್ಳುವುದೂ ಬೇಗ. ಆದರೂ ಎರಡು ವಾರ ಜ್ವರದಲ್ಲಿ ಮಲಗಿದ್ದವನು ಎಲ್ಲವನ್ನೂ ಕಳೆದುಕೊಂಡಿಲ್ಲ. ಹಿಂದೆ ಓಡುತ್ತಿದ್ದುದರ ಅರ್ಧದಿಂದ ಮತ್ತೆ ತೊಡಗಿದರೆ ಕೆಲವು ವಾರಗಳಲ್ಲಿ ಹಳೆಯ ಜಾಗಕ್ಕೆ ಬಂದು ನಿಲ್ಲಬಹುದು.

ಬೇಸಿಗೆಯ ಮಾತು ಚಿಕ್ಕದು. ಏಪ್ರಿಲಿನಲ್ಲಿ ಇಲ್ಲಿಯ ಬಿಸಿಲು ಕಲಬುರಗಿಯ ಬಿಸಿಲಿನಷ್ಟಿಲ್ಲ. ಸೆಕೆ ಮಾತ್ರ ಅದಕ್ಕಿಂತ ದುಸ್ಸಹ. ಬೆವರು ಆರಿದಾಗಲೇ ಮೈ ತಣಿಯುವುದು. ಕಡಲ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಹಾಗೆಯೇ ಇಳಿದುಹೋಗುತ್ತದೆ. ಮೈಯನ್ನು ತಣಿಸಲು ಹೃದಯವು ಚರ್ಮದ ಕಡೆಗೂ ರಕ್ತವನ್ನು ತಳ್ಳಬೇಕಾಗಿ ನಾಡಿಯ ಬಡಿತ ಏರುತ್ತದೆ. ಅದೇ ಶ್ರಮಕ್ಕೆ ವೇಗ ಇಳಿಯುತ್ತದೆ. ಇದು ದೌರ್ಬಲ್ಯವಲ್ಲ. ಹತ್ತು ಹದಿನಾಲ್ಕು ದಿನಗಳಲ್ಲಿ ಮೈ ಒಂದು ಮಟ್ಟಿಗೆ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗೆ ಕೈಗಡಿಯಾರವನ್ನು ಮನೆಯಲ್ಲಿ ಬಿಟ್ಟು ಓಡುವುದು ಕ್ಷೇಮ.

ಮಲ್ಪೆಯ ಮರಳಿನ ಮೇಲೆ ಓಡುವ ಆಸೆ ಹೊಸಬರೆಲ್ಲರಿಗೂ ಇರುತ್ತದೆ. ಸಡಿಲ ಮರಳಿನಲ್ಲಿ ಓಡಲು ಗಟ್ಟಿನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ವ್ಯಯವಾಗುತ್ತದೆಂದು 1998ರ ಒಂದು ಅಳತೆ ತೋರಿಸಿದೆ. ನೀರಿಳಿತದ ವೇಳೆಯಲ್ಲಿ ಅಂಚಿನ ಒದ್ದೆ ಮರಳು ಗಟ್ಟಿಯಾಗಿ ಒಳ್ಳೆಯ ಪಥವಾಗುತ್ತದೆ. ಆದರೆ ತಡಿಯು ಕಡಲ ಕಡೆಗೆ ಇಳಿಜಾರಾಗಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲಿಗೆ ಭಾರ ಹೆಚ್ಚು. ಹೋದಷ್ಟೇ ದೂರ ಮರಳಿ ಬಂದರೆ ಸಮವಾಗುತ್ತದೆ. ಉಬ್ಬರ ಇಳಿತದ ಹೊತ್ತು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆಯಾದುದರಿಂದ ಕಡಲನ್ನು ನೆಚ್ಚಿ ನಿತ್ಯದ ಹೊತ್ತನ್ನು ಗೊತ್ತುಮಾಡಲಾಗದು. ವಾರಕ್ಕೊಮ್ಮೆಯ ಹಬ್ಬದಂತೆ ಅದನ್ನು ಇಟ್ಟುಕೊಂಡಿದ್ದೇನೆ.

ನಾನು ಬರೆದುದೆಲ್ಲ ಬೆಳಗಿನ ಐದೂವರೆಗೆ ಮನೆಯಿಂದ ಹೊರಬೀಳಬಲ್ಲ ಗಂಡಸಿನ ಮಾತೆಂಬುದನ್ನು ನನ್ನ ಸಹೋದ್ಯೋಗಿಯಾದ ಅಧ್ಯಾಪಕಿಯೊಬ್ಬರು ನೆನಪಿಸಿದರು. ಆ ಹೊತ್ತಿಗೆ ಅವರ ಮನೆಯಲ್ಲಿ ದೋಸೆಯ ಕಾವಲಿ ಒಲೆಯ ಮೇಲಿರುತ್ತದೆ. ಹೊರಗೆ ಕತ್ತಲೆಯ ರಸ್ತೆ, ಬೀದಿನಾಯಿಗಳು, ನೋಡುವವರ ಕಣ್ಣುಗಳು. ಅವರಿಗೆ ಛಲವಿಲ್ಲವೆಂದು ಯಾರಾದರೂ ಹೇಳಿದರೆ ಅದು ಅವಿವೇಕ. ಅವರು ಕಂಡುಕೊಂಡ ದಾರಿ ಸಂಜೆಯದು. ಶಾಲೆ ಬಿಟ್ಟ ಕೂಡಲೇ ಮನೆಗೆ ಹೋಗದೆ ಎಂಟನೆಯ ತರಗತಿಯ ಮಗಳೊಡನೆ ಶಾಲೆಯ ಮೈದಾನದಲ್ಲಿ ಅರ್ಧ ಗಂಟೆ ಓಡುತ್ತಾರೆ. ಕೊನೆಯ ಗಂಟೆಯೇ ಅವರ ಗಂಟೆ. ಮನೆಗೆ ಹೋಗಿ ಕುಳಿತರೆ ಮತ್ತೆ ಹೊರಡಲಾಗದೆಂಬುದು ಅವರಿಗೆ ತಿಳಿದಿದೆ. 2010ರ ಗುವಾಂಗ್ಜೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಓಟದಲ್ಲಿಯೂ 4×400 ಮೀಟರ್ ರಿಲೇಯಲ್ಲಿಯೂ ಚಿನ್ನ ಗೆದ್ದ ಅಶ್ವಿನಿ ಅಕ್ಕುಂಜಿ ಇದೇ ಉಡುಪಿ ಜಿಲ್ಲೆಯ ಸಿದ್ದಾಪುರ ಪರಿಸರದವರು. ಅವರ ಹೆಸರು ಹೇಳಿ ಹೆಣ್ಣುಮಕ್ಕಳನ್ನು ಹುರಿದುಂಬಿಸುವುದು ಸುಲಭ. ಸಂಜೆ ಒಂದು ಗಂಟೆಯ ಕಾಲ ಮೈದಾನದ ಬಾಗಿಲನ್ನು ಅವರಿಗಾಗಿ ತೆರೆದಿಡುವುದು ಅದಕ್ಕಿಂತ ಉಪಯುಕ್ತ. ಪದಕಕ್ಕೆ ಆಯ್ಕೆಯಾಗದ ಹುಡುಗಿ ಹತ್ತನೆಯ ತರಗತಿಯ ಬಳಿಕ ಎಂದಾದರೂ ಓಡುತ್ತಾಳೆಯೇ ಎಂಬುದನ್ನು ನಮ್ಮ ಶಾಲೆಗಳು ಕೇಳಿಕೊಳ್ಳುವುದಿಲ್ಲ. ಹುಡುಗರ ವಿಷಯವೂ ಹೆಚ್ಚು ಬೇರೆಯಲ್ಲ.

ಮೂರನೆಯ ಸಲ ಓಟ ನಿಂತದ್ದು ಗೆಲುವಿನಿಂದ. ಮಣಿಪಾಲದಲ್ಲಿ ನಡೆಯುವ ವಾರ್ಷಿಕ ಮ್ಯಾರಥಾನಿನ ಹತ್ತು ಕಿಲೋಮೀಟರ್ ವಿಭಾಗಕ್ಕೆ ಹೆಸರು ಕೊಟ್ಟು ನಾಲ್ಕು ತಿಂಗಳು ತಪ್ಪದೆ ಓಡಿದ್ದೆ. ಗುಡ್ಡದ ಮೇಲಿನ ಊರದು, ಏರುಗಳು ಬಹಳ. ಕೊನೆಯವರಲ್ಲಿ ಒಬ್ಬನಾಗಿ ಮುಗಿಸಿದೆ, ಪದಕ ಕೊರಳಿಗೆ ಬಿತ್ತು, ಮನೆಯಲ್ಲಿ ಪಾಯಸವಾಯಿತು. ಮರುದಿನ ಹಾಲು ಒಳಗಿಟ್ಟು ಹಾಸಿಗೆಗೆ ಮರಳಿದೆ. ಗುರಿ ಮುಗಿದಿತ್ತು, ಓಡಲು ಕಾರಣ ಉಳಿದಿರಲಿಲ್ಲ. ಪಂದ್ಯವು ಮನಸ್ಸನ್ನು ಹುರಿಗೊಳಿಸುತ್ತದೆಂಬುದು ನಿಜ. ಆದರೆ ಅದೊಂದನ್ನೇ ನಂಬಿದವನಿಗೆ ಪಂದ್ಯದ ಮರುದಿನ ಬರಿದು. ಈಗಲೂ ಹೆಸರು ಕೊಡುತ್ತೇನೆ. ಆದರೆ ಪಂದ್ಯದ ಮುಂದಿನ ವಾರದ ಚೀಟಿಯನ್ನು ಹಿಂದಿನ ದಿನವೇ ಬರೆದಿಡುತ್ತೇನೆ: ಎರಡು ದಿನ ನಡಿಗೆ, ಮೂರನೆಯ ದಿನ ಹದಿನೈದು ನಿಮಿಷದ ಓಟ, ನೆರೆಯವರು ಕಾಯುವ ದಿನ ಯಾವುದೆಂಬ ಗುರುತು.

ಲೆಕ್ಕದ ಪುಸ್ತಕವೊಂದಿದೆ. ಅದರಲ್ಲಿ ವೇಗವನ್ನು ಬರೆಯುವುದಿಲ್ಲ, ದೂರವನ್ನೂ ಬರೆಯುವುದಿಲ್ಲ. ದಿನಾಂಕ, ಓಡಿದ ನಿಮಿಷ, ಓಡದಿದ್ದರೆ ಒಂದು ಸೊನ್ನೆ. ಎರಡು ಸೊನ್ನೆಗಳು ಒಂದರ ಕೆಳಗೊಂದು ಬಂದರೆ ಮೂರನೆಯ ದಿನ ಮಳೆಯಿರಲಿ, ನೆಂಟರಿರಲಿ, ಹತ್ತು ನಿಮಿಷವಾದರೂ ಆಗಲೇಬೇಕು. ಸಕ್ಕರೆಯ ಅಂಕಿ ಇಳಿದಿದೆ, ಗುಳಿಗೆ ಇನ್ನೂ ನಿಂತಿಲ್ಲ. ನಿಲ್ಲುತ್ತದೆಂದು ವೈದ್ಯರೂ ಮಾತು ಕೊಟ್ಟಿಲ್ಲ. ಪಾದಗಳನ್ನು ಪ್ರತಿರಾತ್ರಿ ದೀಪದ ಬೆಳಕಿನಲ್ಲಿ ನೋಡಿಕೊಳ್ಳುತ್ತೇನೆ. ಮೊದಲ ವರ್ಷದ ಪುಸ್ತಕದಲ್ಲಿ ಆಟಿ ತಿಂಗಳಿನ ಪುಟವಿಡೀ ಸೊನ್ನೆಗಳಿವೆ. ಕಳೆದ ಆಟಿಯ ಪುಟದಲ್ಲಿ ಹನ್ನೊಂದು ದಿನ ಓಟ, ಒಂಬತ್ತು ದಿನ ಮೆಟ್ಟಿಲು. ಹಾಳೆಯ ಒಂದು ಮೂಲೆಯಲ್ಲಿ ಮಳೆಯ ನೀರು ಬಿದ್ದು ಶಾಯಿ ಹರಡಿದೆ.